ಅಪ್ಪನ ಗಡ್ಡಕ್ಕೆ ನಾನು ಬಡಿದ ಕತ್ತಿ

ಕಾದ ಉಕ್ಕು ಹೊಂಗೆಎಣ್ಣೆಗೆ ಇಳಿದಾಗ ಏಳುವ ಕಮಟು ಹೊಗೆ ಈಗಿನವರಿಗೆ ಗೊತ್ತಿರಲಾರದು. ಮೊನ್ನೆ ದೊಡ್ಡಬಳ್ಳಾಪುರದ ನನ್ನ ಕಬ್ಬಿಣದ ಅಂಗಡಿಯ ಹಿಂದೆ ಯಾರೋ ಕೆಂಡದ ಮೇಲೆ ಹೊಂಗೆಎಣ್ಣೆ ಚೆಲ್ಲಿದರು. ಕುಡುಗೋಲಿಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿಯ ಎದುರು ಅರ್ಧ ಮಾತಿನಲ್ಲೇ ನಿಂತುಬಿಟ್ಟೆ. ವ್ಯಾಪಾರದ ನಡುವೆ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಬಂದ ಕೂಡಲೇ ಈಗಿಲ್ಲದ ಮನೆಯೊಂದರ ಬಾಗಿಲು ತೆರೆಯುವಂಥದು.

ನನ್ನ ಆ ಮನೆ ಇದ್ದದ್ದು ಇದೇ ತಾಲ್ಲೂಕಿನ ಮಧುರೆಯ ಹತ್ತಿರ. ಮುಂದೆ ಕುಲುಮೆ, ಹಿಂದೆ ಒಲೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಅಡಿಗಲ್ಲಿನ ಮೇಲೆ ಕಬ್ಬಿಣ ಬಡಿದರೆ ನಾನು ತಿದಿ ಒತ್ತಿ ಕೆಂಡ ಊದುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲ. ನನಗೆ ಹದಿಮೂರು ತುಂಬಿದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಜೋತುಬಿತ್ತು, ಬಲಗೆನ್ನೆ ಮರಗಟ್ಟಿತು, ಮಾತು ತೊದಲಿತು. ನೇಗಿಲಿನ ಕುಳ, ಕೊಡಲಿ ತರುತ್ತಿದ್ದ ರೈತರು ಬೇರೆ ಊರಿನ ಕುಲುಮೆಗೆ ತಿರುಗಿಕೊಂಡರು. ಒಂದು ಬೆಳಗ್ಗೆ ಹೊಸಕೋಟೆ ಕಡೆಯಿಂದ ಚಿಕ್ಕಪ್ಪ ಗಾಡಿ ಕಟ್ಟಿಕೊಂಡು ಬಂದ. "ಅಣ್ಣಾ, ಗಂಡು ದಿಕ್ಕಿಲ್ಲದ ಕುಲುಮೆ ಇದು. ಅಡಿಗಲ್ಲು, ತಿದಿ ನನಗೆ ಬಿಟ್ಬಿಡು. ನೀವಿಬ್ರೂ ನಮ್ಮನೇಲಿ ಇದ್ಬಿಡ್ರಿ" ಎಂದ. ಅಪ್ಪ ಎಡಗೈಯನ್ನು ಅಡಿಗಲ್ಲಿನ ಮೇಲೆ ಊರಿದ.

ಅಪ್ಪನ ಗಡ್ಡ ಮಾಡಲು ಬಂದಿದ್ದ ಕ್ಷೌರದ ಮುನಿಯಪ್ಪ ಬಾಯಿ ಹಾಕಿದ. ಯುದ್ಧದಿಂದಾಗಿ ವಿಲಾಯ್ತಿಯಿಂದ ಸೀಮೆಕತ್ತಿ ಬರುವುದು ನಿಂತು, ಅವನ ಕತ್ತಿ ಮಸೆದು ಮಸೆದು ಹಕ್ಕಿಯ ಗರಿಯಷ್ಟು ತೆಳ್ಳಗಾಗಿತ್ತು. "ಈ ಹೆಣ್ಮಗು ನನಗೊಂದು ಕತ್ತಿ ಬಡಿದುಕೊಡ್ಲಿ. ಅದು ಗಡ್ಡ ತೆಗೆದ್ರೆ, ಈ ಆಚಾರಣ್ಣನ ಕುಲುಮೆ ಸತ್ತಿಲ್ಲ ಅಂತ ಮನೆಮನೆಗೂ ನಾನೇ ಹೇಳ್ತೀನಿ."

"ಉಕ್ಕು ಅಂದ್ರೆ ರಾಗಿಮುದ್ದೆ ಅನ್ಕೊಂಡ್ಯೇನಲಾ ಮುನಿಯಾ?" ಚಿಕ್ಕಪ್ಪ ನಕ್ಕ. ನಾನು ಎಂಟು ದಿನ ಕೇಳಿದೆ. ಚಿಕ್ಕಪ್ಪ ನಾಲ್ಕು ಎಂದ. ಆರಕ್ಕೆ ಇಳಿದೆ, ಅವನು ಒಪ್ಪಿದ. ಕತ್ತಿ ಕೆಲಸ ಮಾಡದಿದ್ದರೆ ಅಡಿಗಲ್ಲು ಗಾಡಿ ಹತ್ತಬೇಕು. ನನ್ನ ಬದುಕಿನ ಮೊದಲ ಚೌಕಾಸಿ ಅದು.

ಕಬ್ಬಿಣ ಉಜ್ಜುವ ಸವೆದ ಅರಗಳು ಎರಡಿದ್ದವು, ಅವುಗಳ ಉಕ್ಕೇ ಕತ್ತಿಗೆ. ಅಪ್ಪ ಮಣೆಯ ಮೇಲೆ ಕೂತು ಬಾಯಲ್ಲಿ ಹೇಳುತ್ತಿದ್ದ, ನಾನು ಬಡಿಯುತ್ತಿದ್ದೆ. ಮೊದಲನೆಯದನ್ನು ತೆಳ್ಳಗೆ ಬಡಿದು, ಕೆಂಪಗೆ ಕಾಸಿ, ಅಪ್ಪ ಬಾಯಿ ತೆರೆಯುವ ಮೊದಲೇ ಬಾನಿಯ ನೀರಿಗೆ ಅದ್ದಿದೆ. ಕುಡುಗೋಲಿಗೆ ನೀರು ಕುಡಿಸಿಯೇ ಬೆಳೆದ ಮನೆ ನಮ್ಮದು. ಕೈಗೆ ಬೇರೆ ಗೊತ್ತಿರಲಿಲ್ಲ. ಟಿಣ್ ಎಂದಿತು. ಅಲಗಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು. "ಹುಲ್ಲು ಕುಯ್ಯಕ್ಕೇನೇ ಇದು? ಎಳೆಕೂಸಿನಂಥ ಅಲಗು, ಎಣ್ಣೇಲಿ ಅದ್ದಬೇಕು" ಎಂದ ಅಪ್ಪ. ಸೀಮೆಎಣ್ಣೆ ಸಿಗದ ಕಾಲ, ಮನೆಯ ದೀಪಕ್ಕೆ ಇದ್ದದ್ದೇ ಒಂದು ಕುಡಿಕೆ ಹೊಂಗೆಎಣ್ಣೆ. ಅಷ್ಟನ್ನೂ ಸುರಿದೆ. ಎರಡನೆಯ ಕತ್ತಿ ಬಿರಿಯಲಿಲ್ಲ. ಇನ್ನು ಅದರ ಪೆಡಸು ಇಳಿಸಬೇಕು: ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಸಬೇಕು. "ಒಣಹುಲ್ಲಿನ ಬಣ್ಣ ಬಂದ ತಕ್ಷಣ ತೆಗಿ." ಬಣ್ಣ ಬಂತು. ಆ ಸಂತೋಷಕ್ಕೆ ಅಪ್ಪನ ಮುಖ ನೋಡಿದೆ, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ತಿರುಗುವಷ್ಟರಲ್ಲಿ ಅಲಗು ನವಿಲಿನ ಕತ್ತಿನ ನೀಲಿಗೆ ಜಾರಿತ್ತು. ಹದ ಮೆತ್ತಗಾಯಿತು ಎಂದರ್ಥ. ಮತ್ತೆ ಕಾಸಿ ಅದ್ದಲು ಧೈರ್ಯ ಸಾಲಲಿಲ್ಲ. ಅಪ್ಪನಿಗೆ ಹೇಳದೆ ಎರಡು ದಿನ ಸಾಣೆಕಲ್ಲಿನ ಮೇಲೆ ತಿಕ್ಕಿ ಕನ್ನಡಿಯಂತೆ ಮಾಡಿದೆ. ಕತ್ತಿ ಕೊಳ್ಳುವವರಿಗೆ ನನ್ನದೊಂದು ಮಾತು: ಹೊಳಪು ನೋಡಿ ಕೊಳ್ಳಬೇಡಿ. ಹೊಳಪು ಸುಳ್ಳು ಹೇಳುತ್ತದೆ, ನಾನೇ ಹೇಳಿಸಿದ್ದೇನೆ.

ಆರನೆಯ ದಿನ ಚಿಕ್ಕಪ್ಪನ ಗಾಡಿ ಬಾಗಿಲಲ್ಲಿ ನಿಂತಿತು. ಮುನಿಯಪ್ಪ ನನ್ನ ಕತ್ತಿಯನ್ನು ತೊಗಲಪಟ್ಟೆಗೆ ಎಳೆದು, ಅಪ್ಪನ ಬಲಗೆನ್ನೆಗೆ ನೀರು ಹಚ್ಚಿ ಶುರುಮಾಡಿದ. ಮೊದಲ ಎಳೆತ ಇಳಿಯಿತು. ಎರಡನೆಯದಕ್ಕೆ ಅಲಗಿನ ಅಂಚು ಮಡಚಿಕೊಂಡು ಕೂದಲು ಕಿತ್ತಿತು, ರಕ್ತ ಜಿನುಗಿತು. ಮರಗಟ್ಟಿದ ಕೆನ್ನೆ, ಅಪ್ಪ ಕದಲಲಿಲ್ಲ. ಮುನಿಯಪ್ಪ ನನ್ನ ಮುಖ ನೋಡಿದ. ಆಮೇಲೆ ಚಿಕ್ಕಪ್ಪನಿಗೆ ಬೆನ್ನು ಮಾಡಿ ಕೂತು, ಚೀಲದಿಂದ ತನ್ನ ಹಳೆಯ ಕತ್ತಿ ತೆಗೆದು ಉಳಿದದ್ದನ್ನೆಲ್ಲ ಬೋಳಿಸಿದ.

"ಹೆಂಗೈತಲಾ?" ಚಿಕ್ಕಪ್ಪ ಬಾಗಿಲಿಂದ ಕೇಳಿದ.

"ಬೆಣ್ಣೆ ಕಣಣ್ಣಾ, ಬೆಣ್ಣೆ! ನಿಮ್ಮೂರ್ಗೂ ಬೇಕಾದ್ರೆ ಹೇಳ್ಕಳ್ಸು."

ಗಾಡಿ ಖಾಲಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಅಪ್ಪ ಎಡಗೈಯಿಂದ ಮುಖ ಸವರಿಕೊಂಡ. ಬಲಗೆನ್ನೆಗೆ ಬಂದ ಬೆರಳು ನಿಂತಿತು. ಬೆರಳಿಗಂಟಿದ ರಕ್ತ ನೋಡಿ, ಪಂಚೆಗೆ ಒರೆಸಿಕೊಂಡ.

"ನೀಲಿಗೆ ಹೋಗಿತ್ತಾ?"

"ಹೂಂ."

"ಇನ್ನೊಂದು ಮಾಡು."

ಮುನಿಯಪ್ಪ ಹೇಳಿದಂತೆ ಊರೆಲ್ಲ ಸಾರಿದ. ಕುಡುಗೋಲು, ಕುಳ ಒಂದೊಂದೇ ಬಾಗಿಲಿಗೆ ಮರಳಿದವು. ಸಿಕ್ಕ ಅರಗಳಲ್ಲೆಲ್ಲ ನಾನು ಕತ್ತಿ ಬಡಿದೆ. ಮೂರನೆಯದು ಸೊಟ್ಟಗಾಯಿತು. ನಾಲ್ಕನೆಯದಕ್ಕೆ ಒಣಹುಲ್ಲಿನ ಬಣ್ಣ ಬಂದಾಗ ಕಣ್ಣು ಕೀಳದೆ ನೋಡಿ ತೆಗೆದೆ. ಮಸೆದು ಉಗುರಿನ ಮೇಲಿಟ್ಟರೆ ಜಾರದೆ ಅಲ್ಲೇ ಕಚ್ಚಿ ನಿಂತಿತು. ಸರಿಯಿದೆಯಾ ಎಂದು ಕೇಳಲು ತಿರುಗಿದೆ. ಅಪ್ಪ ತೀರಿಕೊಂಡು ಆಗಲೇ ತಿಂಗಳಾಗಿತ್ತು.