ಪಾಸಾದ ವರ್ಷ

ನಮ್ಮ ಕಡೆ ಮೂರು ವರ್ಷ ಕಾಲೇಜಿನ ಬಸ್ಸು ಹತ್ತಿ ಇಳಿದರೆ ಸಾಕು, ಮನೆಯವರ ಬಾಯಲ್ಲಿ ಡಿಗ್ರಿ ಮುಗಿದುಹೋಗುತ್ತದೆ. ಎರಡು ವಿಷಯ ಉಳಿದಿದ್ದರೂ ಡಿಗ್ರಿಯೇ, ಪರೀಕ್ಷೆಗೇ ಕೂರದಿದ್ದರೂ ಡಿಗ್ರಿಯೇ. ಯಾರು ಏನು ಓದಿದ್ದಾರೆ, ಏನು ದುಡಿಯುತ್ತಾರೆ ಎಂದು ಸರ್ಕಾರದ ಸಮೀಕ್ಷೆಗಾಗಿ ಮನೆ ಮನೆ ತಿರುಗುವ ನನಗೆ ಇದೊಂದು ತಲೆನೋವು. ಪಾಸಾಗಿದ್ದರೆ ಮಾತ್ರ ಡಿಗ್ರಿ, ಇಲ್ಲದಿದ್ದರೆ ಅದರ ಕೆಳಗಿನದನ್ನು ಬರೆಯಬೇಕು. ಅದಕ್ಕೇ, ಯಾವ ವರ್ಷ ಪಾಸಾದಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಪಾಸಾಗದವರು ಅಲ್ಲಿ ತಡವರಿಸುತ್ತಾರೆ.

ಆ ಮನೆ ಮನೋಳಿಯ ಆಚೆ, ಹೊಳೆದಂಡೆಯ ಊರಿನಲ್ಲಿತ್ತು. ಯಜಮಾನರು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಮಾಡಿದವರು. ಬಿಳಿ ಧೋತರ, ಮೆಲುದನಿ. ಸಮೀಕ್ಷೆಯಲ್ಲಿ ಎಲ್ಲರ ಪರವಾಗಿ ಒಬ್ಬರೇ ಉತ್ತರ ಕೊಡಬಹುದು. ನಮ್ಮ ಊರುಗಳಲ್ಲಿ ಆ ಒಬ್ಬರು ಹಿರಿಯ ಗಂಡಸೇ. ತಮ್ಮದು ನಾಲ್ಕನೆಯ ತರಗತಿ, ಹೆಂಡತಿ ಶಾಲೆಯ ಮುಖ ಕಂಡಿಲ್ಲ, ಮಗನದು ಪಿಯುಸಿ ಎಂದರು. ಸೊಸೆಯ ಸರದಿ ಬಂದಾಗ ಅವರ ಬೆನ್ನು ನೆಟ್ಟಗಾಯಿತು. ರಾಮದುರ್ಗದ ಕಡೆಯವಳು, ಬಿ.ಎ. ಆಗಿದೆ, ಬಿ.ಎಡ್. ಮಾಡಿಸಿ ನೌಕರಿಗೆ ಹಚ್ಚುತ್ತೇವೆ, ಅದಕ್ಕೆಂದೇ ಬೇರೆ ಸಂಬಂಧಗಳನ್ನೆಲ್ಲ ಬಿಟ್ಟು ಇವಳನ್ನು ತಂದದ್ದು ಎಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಯಾವ ವರ್ಷ ಪಾಸಾದರು ಎಂದು ಕೇಳಿದೆ.

ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯತ್ತ ತಿರುಗಿ ಅದನ್ನೇ ಕೇಳಿದರು. ಸೊಸೆ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು. ಅವಳು ಮಾವನನ್ನು ನೋಡದೆ ನನ್ನನ್ನು ನೋಡಿದಳು.

ವರ್ಷವೇನೂ ಬೇಕಾಗಿಲ್ಲ, ನಾವು ಕಾಗದ ನೋಡುವುದಿಲ್ಲ, ಬಾಯಿಮಾತು ಸಾಕು ಎಂದು ಲಗುಬಗೆಯಿಂದ ಹೇಳಿ, ಟ್ಯಾಬಿನಲ್ಲಿ ಪದವಿ ಎಂದು ಒತ್ತಿ ಮುಂದಿನ ಪ್ರಶ್ನೆಗೆ ಹೋದೆ. ಯಜಮಾನರು ಮಾತ್ರ ಆ ಪ್ರಶ್ನೆಯನ್ನು ಬಿಡಲಿಲ್ಲ.

“ನಿಮಗ ಬ್ಯಾಡ ಇರಬಹುದ್ರಿ ಅಕ್ಕಾರ,” ಎಂದರು. “ನಮಗ ಬೇಕಲ್ಲ.”

ಮಾರ್ಕ್ಸ್ ಕಾರ್ಡ್ ತರಲು ಹೇಳಿದರು. ತವರಲ್ಲಿದೆ ಎಂದಳು. ತರಿಸಿದರಾಯಿತು ಎಂದು ಮಗನ ಕಡೆ ನೋಡಿದರು. ಅವನು ಫೋನು ಹಿಡಿದು ಅಂಗಳಕ್ಕೆ ಹೋದ. ಆಮೇಲೆ ನನ್ನ ಉಳಿದ ಪ್ರಶ್ನೆಗಳಿಗೆ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ನಡುನಡುವೆ, ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡುವವರ ಹಾಗೆ ಸೊಸೆಯನ್ನು ನೋಡುತ್ತಿದ್ದರು.

ಹೊರಡುವಾಗ ಅತ್ತೆ ಅವಳ ಕೈಯಿಂದಲೇ ನನಗೆ ಕುಂಕುಮ ಹಚ್ಚಿಸಿದರು.

“ಅಕ್ಕಾ, ಒಂದ ವಿಷಯ ಉಳದೈತಿ,” ಎಂದಳು, ನನಗಷ್ಟೇ ಕೇಳುವಂತೆ. “ಹೇಳಬ್ಯಾಡ ಅಂತ ನಮ್ಮಪ್ಪ ಅಂದಿದ್ದ. ಈ ಸಲ ಪರೀಕ್ಷಾ ಕಟ್ಟಿದ್ದರ ಪಾಸ ಆಗತಿದ್ದೆ.”

ಈಗಲೂ ಕಟ್ಟಬಹುದು ಎಂದೆ. ಅವಳು ಕುಂಕುಮದ ಬಟ್ಟಲು ಹಿಡಿದು ಒಳಗೆ ಹೋದಳು. ಬಸ್ಸಿಗೆ ಕಾಯುತ್ತ ನಿಂತಾಗ, ಆ ಮನೆಗೆ ಮತ್ತೆ ಹೋಗಬಾರದು ಅನ್ನಿಸಿತು. ಆದರೆ ಸಮೀಕ್ಷೆಗೆ ಒಮ್ಮೆ ಆಯ್ದ ಮನೆಗೆ ತಿಂಗಳು ತಿಂಗಳು ಹೋಗಲೇಬೇಕು.

ಮುಂದಿನ ತಿಂಗಳು ಚಹಾ ತಂದವರು ಅತ್ತೆ. ಮನೆಯಲ್ಲಿ ಒಬ್ಬರು ಕಡಿಮೆ ಎಂದು ಬರೆದುಕೊಳ್ಳಲು ಯಜಮಾನರು ಹೇಳಿದರು. ವಿಷಯ ಉಳಿದದ್ದು ಹೊರಬಿದ್ದು ಸೊಸೆಯನ್ನು ತವರಿಗೆ ಕಳಿಸಿದ್ದರು. ನಾನು ನಿಯಮಕ್ಕೆ ಜೋತುಬಿದ್ದೆ: ಕೆಲವು ತಿಂಗಳಲ್ಲಿ ಮರಳುವವರಿದ್ದರೆ ಈ ಮನೆಯವರೆಂದೇ ಲೆಕ್ಕ, ತೆಗೆಯಲು ಬರುವುದಿಲ್ಲ ಎಂದು ವಾದಿಸಿದೆ. ಮರಳುವುದಿಲ್ಲ, ಸೋಡಚೀಟಿ ಬರೆಸಿ ಸಂಬಂಧ ಕಡಿದುಕೊಳ್ಳಲು ವಕೀಲರನ್ನು ನೋಡಿದ್ದೇವೆ ಎಂದರು. ಮಗ ಗೋಡೆಗೆ ಒರಗಿ ಫೋನು ತಿಕ್ಕುತ್ತ ಕುಳಿತಿದ್ದ. ಪಿಯುಸಿಯ ಆ ಗಂಡನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಆದರೂ ಅವಳನ್ನು ಪಟ್ಟಿಯಿಂದ ತೆಗೆದೆ.

ಯಜಮಾನರು ನನ್ನನ್ನು ಬಾಗಿಲ ತನಕ ಕಳಿಸಲು ಬಂದರು. ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ.

“ನೀವು ಕೇಳಿದ್ದು ಭಾಳ ಚಲೋ ಆತ್ರಿ. ಮದವಿ ಮಾಡೂವಾಗ ನಮಗ ಹೊಳೀಲೇ ಇಲ್ಲ,” ಎಂದು ಕೈ ಮುಗಿದರು. “ಸವದತ್ತ್ಯಾಗ ಒಂದ ಹುಡುಗಿ ನೋಡೇವಿ. ಮಾತುಕತಿಗೆ ನೀವೂ ಬರ್ರಿ. ಆ ವರ್ಷದ ಮಾತು ನೀವ ಕೇಳ್ರಿ.”