ಆ ಬೆಲ್ ನನಗೆ ಕೇಳಿಸಿತ್ತು

ನಮ್ಮ ಮ್ಯಾನೇಜರನ್ನು ಯಾರೂ ಕೊಲ್ಲಲಿಲ್ಲ. ಅವರು ಕರೆದಾಗ ನಾನು ಎದ್ದು ಹೋಗಲಿಲ್ಲ — ನಡೆದದ್ದು ಅಷ್ಟು. ಅದನ್ನು ಮುಚ್ಚಿಡಲು ನಾನೊಂದು ಕೊಲೆಯನ್ನು ಹುಟ್ಟಿಸಿದೆ. ಆ ಕೊಲೆಯನ್ನು ನಂಜಿ ಅಕ್ಕನ ತಲೆಗೆ ಕಟ್ಟಿದೆ. ಏಳು ವರ್ಷವಾಯಿತು.

ಕೂನೂರಿನಲ್ಲಿ ಹರಾಜಿಗೆ ಬರುವ ಟೀಯ ರುಚಿ ನೋಡಿ ದರ್ಜೆ ಹೇಳುವ ಸಣ್ಣ ಆಫೀಸು ನಮ್ಮದು. ನಾನು ಅಲ್ಲಿ ಗುಮಾಸ್ತ. ನಂಜಿ ಅಕ್ಕ ಹತ್ತಿರದ ಹಳ್ಳಿ ಹುಬ್ಬತಲೈಯವಳು, ಗಂಡ ಸತ್ತವಳು. ಮ್ಯಾನೇಜರು ಸಾಲಾಗಿ ಇಟ್ಟ ಟೀಯನ್ನು ಹೀರಿ ಉಗಿದ ಮೇಲೆ ಆ ಬಟ್ಟಲುಗಳನ್ನು ತೊಳೆಯುವುದು ಅವಳ ಕೆಲಸ. ನಾನು ಕಂಡಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಡೆದದ್ದು ಒಂದೇ ಬಟ್ಟಲು. ಅದೂ ನನ್ನ ಮೊಣಕೈ ತಾಗಿ.

ಆವತ್ತು ಬೆಳಿಗ್ಗೆ ಮ್ಯಾನೇಜರು ನನ್ನ ರಜೆ ಅರ್ಜಿಯನ್ನು ಎಲ್ಲರೆದುರು ಹರಿದು ಹಾಕಿದ್ದರು. “ಕತೆಪುಸ್ತಕ ಓದೋಕೆ ಮನೆಗೆ ಯಾಕೆ ಹೋಗ್ತೀರಿ ಬೋಜನ್? ಇಲ್ಲೇ ಓದ್ತೀರಲ್ಲ!” ಎಲ್ಲರೂ ನಕ್ಕರು. ಸುಳ್ಳೇನಲ್ಲ — ಪತ್ತೇದಾರಿ ಕಾದಂಬರಿಗಳನ್ನು ಫೈಲಿನೊಳಗಿಟ್ಟು ಓದುವ ಚಟ ನನಗಿತ್ತು. ಹನ್ನೊಂದು ಗಂಟೆಗೆ ಉಳಿದವರೆಲ್ಲ ಮಹಡಿಯಲ್ಲಿ, ಹರಾಜು ನಡೆಯುವ ಕಂಪ್ಯೂಟರಿನ ಮುಂದೆ. ಕೆಳಗೆ ನಾನು, ಹಿಂದಿನ ನಲ್ಲಿಯ ಹತ್ತಿರ ನಂಜಿ ಅಕ್ಕ. ಒಳಗಿನ ಕೋಣೆಯಿಂದ ಬೆಲ್ ಆಯಿತು. ಇನ್ನೊಮ್ಮೆ ಆಯಿತು. ಮೂರನೆಯ ಸಲ ಉದ್ದಕ್ಕೆ — ಒತ್ತಿದ ಬೆರಳು ತೆಗೆಯಲಾಗದವರ ಹಾಗೆ.

ನಂಜಿ ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. “ಬೋಜಾ, ಸಾರ್ ಕರೀತಿದ್ದಾರೆ.”

“ನಾನು ನೋಡ್ತೀನಿ. ನೀ ಹೋಗಕ್ಕ.”

ಹೇಳಿ, ಪುಟ ತಿರುಗಿಸಿದೆ. ಕಾಯಲಿ ಎಂದುಕೊಂಡೆ. ಅಧ್ಯಾಯ ಮುಗಿಸಿಯೇ ಎದ್ದೆ.

ಅವರು ಬಟ್ಟಲುಗಳ ನಡುವೆ ಮುಖ ಕವುಚಿ ಬಿದ್ದಿದ್ದರು. ಒಂದು ಕೈ ಬೆಲ್ಲಿನ ಮೇಲೆ, ಇನ್ನೊಂದು ಕೈ ಮಾತ್ರೆ ಇಡುವ ಡ್ರಾಯರಿನತ್ತ. ಮೊದಲ ಬೆಲ್ಲಿಗೇ ಎದ್ದಿದ್ದರೆ ಬದುಕುತ್ತಿದ್ದರೋ ಏನೋ — ಯಾವ ಡಾಕ್ಟರನ್ನೂ ನಾನು ಕೇಳಲಿಲ್ಲ. ಪತ್ತೇದಾರನಾಗಿ ಮೆರೆದವನು ಮೊದಲು ಕೇಳಬೇಕಿದ್ದ ಪ್ರಶ್ನೆ ಅದೇ!

ಡಾಕ್ಟರು ಹೃದಯ ನಿಂತಿತು ಎಂದರು. ಮನೆಯವರು ಒಪ್ಪಿ ಅಂತ್ಯಕ್ರಿಯೆ ಮುಗಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಕರೆ ಕೇಳಿಸಿಕೊಂಡ ಇನ್ನೊಬ್ಬಳು ಇದ್ದಳಲ್ಲ… ಅವಳು ಬಾಯಿ ತೆರೆಯುವ ಮೊದಲೇ ಅವಳ ಮಾತಿಗೆ ಬೆಲೆ ಇಲ್ಲದಂತೆ ಮಾಡಬೇಕಿತ್ತು. ಮರುದಿನ ಊಟದ ಹೊತ್ತಿಗೆ ಎಲ್ಲರ ನಡುವೆ ಹೇಳಿದೆ: “ಕೊನೆಗೆ ಅವರು ಕುಡಿದ ಬಟ್ಟಲು ತೊಳೆದಿಟ್ಟವರು ಯಾರು?”

ಆ ಒಂದು ಮಾತು ಸಾಕಾಯಿತು, ವಿಷದ ಕತೆ ತಾನಾಗಿ ಹುಟ್ಟಿತು. ಎರಡು ವಾರ ಆಫೀಸಿನಲ್ಲಿ ಹಬ್ಬ. ಬಟ್ಟಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೆಂಪು ಶಾಯಿಯಲ್ಲಿ ನಂಬರು ಬರೆದೆ. ಕುರ್ಚಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆ. ಟೈಪಿಸ್ಟು ತಾನು ಆ ಹೊತ್ತಿಗೆ ಬಜ್ಜಿ ತಿನ್ನುತ್ತಿದ್ದೆ ಎಂದು ಬರೆದು ಸಹಿ ಹಾಕಿದ. ಉಳಿದಿದ್ದ ಟೀಯನ್ನು ಹಾಲಿಗೆ ಬೆರೆಸಿ ಆಫೀಸಿನ ಬೆಕ್ಕಿಗೆ ಕೊಟ್ಟೆವು. ಅದು ಕುಡಿದು ಬಿಸಿಲಿನಲ್ಲಿ ಮಲಗಿತು. ‘ಮಂಪರು’ ಎಂದು ಬರೆದುಕೊಂಡೆ. ನಾಲ್ಕು ದಿನಕ್ಕೆ ಅದು ಮೂರು ಮರಿ ಹಾಕಿತು. ಯಾರಿಗೂ ನಾಚಿಕೆಯಾಗಲಿಲ್ಲ. ವಿದ್ಯಾವಂತರ ಗುಂಪು — ಥೂ!

ನಂಜಿ ಅಕ್ಕ ಹೇಳಿಯೇ ಹೇಳಿದಳು: “ಸಾರ್ ಮೂರು ಸಲ ಬೆಲ್ ಮಾಡಿದ್ರು. ಬೋಜ ಎದ್ದೇಳಲಿಲ್ಲ.” ಎಲ್ಲರೂ ನನ್ನ ಕಡೆ ನೋಡಿದರು. “ಬೆಲ್ಲೇ ಆಗಲಿಲ್ಲ. ತಪ್ಪು ಮಾಡಿದವರು ಹೀಗೆಯೇ ಬೇರೆಯವರ ಮೇಲೆ ಹಾಕ್ತಾರೆ,” ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು. ಆ ಶನಿವಾರವೇ ಅವಳನ್ನು ಕೆಲಸದಿಂದ ಬಿಡಿಸಿದರು. ಪೊಲೀಸಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೆ ತನಿಖೆಯಲ್ಲಿ ಅವಳ ತಪ್ಪಿಲ್ಲವೆಂದಾದರೂ ಗೊತ್ತಾಗುತ್ತಿತ್ತು.

ಮಾತು ನನಗಿಂತ ಮೊದಲೇ ಹುಬ್ಬತಲೈ ಸೇರಿತ್ತು. ಮುಂದಿನ ವರ್ಷ ಅಲ್ಲಿ ನೆಂಟರ ಮದುವೆಗೆ ಹೋದೆ. ನಂಜಿ ಅಕ್ಕ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ತಂದಳು. ಮೊದಲನೆಯವನು ಈಗ ಬೇಡ ಎಂದ. ಎರಡನೆಯವಳು ಹೊಟ್ಟೆ ಸರಿಯಿಲ್ಲ ಎಂದಳು. ಸಾಲಿನುದ್ದಕ್ಕೂ ಒಂದು ಲೋಟವೂ ಖಾಲಿಯಾಗಲಿಲ್ಲ. ನನ್ನ ಮುಂದೆ ನಿಂತಳು. ಆ ಕಾಫಿಯಲ್ಲಿ ಏನೂ ಇಲ್ಲವೆಂದು, ಅವಳನ್ನು ಬಿಟ್ಟರೆ, ಲೋಕದಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ನಾನೂ ಬೇಡವೆಂದೆ.

ಆ ‘ಬೇಡ’ವನ್ನು ನೆನೆದರೆ ನನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನಿಸುತ್ತದೆ. ಬೆಲ್ಲಿಗೆ ಏಳದಿದ್ದಾಗ ಸಿಟ್ಟಿತ್ತು. ಇಲ್ಲಿ ಏನಿತ್ತು? ಏನೂ ಇರಲಿಲ್ಲ — ಹೇಡಿತನ ಬಿಟ್ಟರೆ.

ಕಳೆದ ವಾರ ಅವಳನ್ನು ಹುಡುಕಿಕೊಂಡು ಹೋದೆ. ಮಂಡಿ ನೋವಿನಲ್ಲೂ ಬೇರೆಯವರ ತೋಟದಲ್ಲಿ ಎಲೆ ಕೀಳುತ್ತಿದ್ದಳು. ಬೇಲಿಯ ಹತ್ತಿರ ನಿಂತು ಎಲ್ಲವನ್ನೂ ಹೇಳಿದೆ, ಅತ್ತುಬಿಟ್ಟೆ ಕೂಡ. ಅವಳ ಕೈ ನಿಲ್ಲಲಿಲ್ಲ.

“ಇದನ್ನ ನನಗ್ಯಾಕೆ ಹೇಳ್ತೀಯ ಬೋಜಾ?” ಎಂದಳು. “ನಾನು ಅಲ್ಲೇ ಇದ್ದೆನಲ್ಲ.”

ಬುಟ್ಟಿ ಹೊತ್ತು ಮುಂದಿನ ಸಾಲಿಗೆ ಹೋದಳು.

ಅವಳು ಹೇಳಿದ್ದು ಸರಿ. ಗೊತ್ತಿದ್ದವಳಿಗೇ ಹೇಳಿ ಹಗುರಾಗಲು ಹೋಗಿದ್ದೆ. ಅದೂ ಒಂದು ಕಳ್ಳತನವೇ. ಹಾಗಾಗಿ ಇದನ್ನು ಬರೆದಿದ್ದೇನೆ. ಮ್ಯಾನೇಜರ ಹೆಂಡತಿಗೆ ಒಂದು ಪ್ರತಿ ಕಳಿಸಿದ್ದೇನೆ. ಸೋಮವಾರ ಹುಬ್ಬತಲೈಯ ಹಿರಿಯರು ಸೇರುತ್ತಾರೆ. ಆ ಮದುವೆಯಲ್ಲಿದ್ದವರೂ ಬರುತ್ತಾರೆ. ಅಲ್ಲಿ ನಿಂತು ಇದನ್ನು ಓದುತ್ತೇನೆ. ಉಗಿಯುವವರು ಉಗಿಯಲಿ. ನಂಜಿ ಅಕ್ಕ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಾ ಎಂದು ಕರೆಯುವ ಮುಖ ನನಗಿಲ್ಲ.