ಸೇತುವೆಯ ಆಚೆಯ ಮನೆ

ಫೋನಿನ ಚಾರ್ಜರ್ ಬಿಸಿಯಾಗಿ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಸಾಕು, ನಾನು ಇನ್ನಂಜೆಯ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ ಚಾಪೆಯ ಮೇಲೆ ಕುಳಿತಿರುತ್ತೇನೆ. ಪಕ್ಕದಲ್ಲಿ ಶೈಲಕ್ಕ, ಎದುರಿಗೆ ಟಿವಿ, ನಡುವೆ ಕಾದು ವಾಸನೆ ಹೊಡೆಯುವ ಟಿವಿ ಗೇಮಿನ ಅಡಾಪ್ಟರ್. ನಿಮ್ಮ ಮನೆಯಲ್ಲೂ ಇದ್ದಿರಬಹುದು ಅಂಥದ್ದೊಂದು, ಹಳದಿ ಕ್ಯಾಸೆಟ್ಟನ್ನು ಉಫ್ ಎಂದು ಊದಿ ಹಾಕುವಂಥದ್ದು. ನಮ್ಮ ಆಟದಲ್ಲಿ ಒಬ್ಬಳು ಹುಡುಗಿ ಲಾಟೀನು ಹಿಡಿದು ಬಾವಿಕಟ್ಟೆಯಿಂದ ಹೊರಟು ಕತ್ತಲೆಯಲ್ಲಿ ನಡೆಯುತ್ತಿದ್ದಳು. ಕೊನೆಗೊಂದು ಮುರುಕು ಸೇತುವೆ. ಅಕ್ಕ ಪ್ರತಿ ಸಲ ಅಲ್ಲೇ ಬೀಳುತ್ತಿದ್ದಳು, ಇಲ್ಲವೇ ಅಷ್ಟರಲ್ಲಿ ಕರೆಂಟು ಹೋಗಿ ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತು. "ಆಚೆ ಎಂತ ಉಂಟು ಅಂತ ನೋಡದೆ ನಾನು ಬಿಡುವುದಿಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ಅವಳು ಆರನೇ ಕ್ಲಾಸಿನಲ್ಲಿದ್ದಾಗ ಜ್ವರ ಜೋರಾಗಿ ಆಸ್ಪತ್ರೆಗೆ ಕರೆದೊಯ್ದರು. ರಿಕ್ಷಾದಿಂದ ತಲೆ ಹೊರಗೆ ಹಾಕಿ, "ನೀನೊಬ್ಬಳೇ ಮುಗಿಸಬೇಡ, ನಾನು ಬಂದ ಮೇಲೆ ಒಟ್ಟಿಗೆ ನೋಡುವ" ಎಂದಳು. ಅವಳು ಬರಲಿಲ್ಲ.

ಅಮ್ಮ ಟಿವಿ ಗೇಮನ್ನು ಬೈರಾಸಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಹಲವು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ನಾನು ಕಾಲೇಜಿಗೆ ಸೇರಿದ ಮೇಲೆ ಅಟ್ಟದಲ್ಲಿ ಬಳೆಯ ಸದ್ದು ಕೇಳುತ್ತದೆಂದು ಅಮ್ಮ ಹೇಳತೊಡಗಿದಳು. ಇಲಿ ಎಂದು ನಾನು ನಕ್ಕೆ. ಆದರೆ ಸಂಜೆ ಆ ಏಣಿಯ ಕೆಳಗೆ ಹಾಯುವಾಗ ನನ್ನ ಹೆಜ್ಜೆಯೂ ಚುರುಕಾಗುತ್ತಿತ್ತು. ಪ್ರಶ್ನೆ ಇಟ್ಟು ಕೇಳಿದಾಗ ಜೋಯಿಸರು, "ಹುಡುಗಿ ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ" ಎಂದರು. ಮದುವೆಯಾಗದೆ ತೀರಿಹೋದವರಿಗೆ, ಹಾಗೆಯೇ ತೀರಿಹೋದ ಗಂಡನ್ನು ಹುಡುಕಿ, ಆಟಿ ತಿಂಗಳ ಮಳೆಯಲ್ಲಿ ಮದುವೆ ಮಾಡುವ ಕ್ರಮ ನಮ್ಮಲ್ಲಿದೆ. ಅದು ನನಗೂ ಗೊತ್ತಿತ್ತು. ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ: ಇಷ್ಟು ವರ್ಷ ಅವಳು ನಮ್ಮ ತಲೆಯ ಮೇಲೆ, ಆ ಅಟ್ಟದಲ್ಲಿ, ಬೆಳೆಯುತ್ತಲೇ ಇದ್ದಳು. ಅವಳ ರವಿಕೆಗೆ ದರ್ಜಿ ನನ್ನ ಅಳತೆ ತೆಗೆದುಕೊಂಡ. "ಸ್ವಲ್ಪ ದೊಡ್ಡದೇ ಹೊಲಿಯಿರಿ, ಅವಳು ಇವಳಿಗಿಂತ ಎತ್ತರ ಇದ್ದಾಳು" ಎಂದಳು ಅಮ್ಮ.

ಗಂಡಿನವರು ಕಾರ್ಕಳದಿಂದ ಮಳೆಯಲ್ಲಿ ಜೀಪಿನಲ್ಲಿ ಬಂದರು. ಹುಡುಗನ ಹೆಸರು ಹರೀಶ. ಅವನೂ ಶಾಲೆಗೆ ಹೋಗುವ ಪ್ರಾಯದಲ್ಲೇ ತೀರಿಹೋದವನು. ಎರಡು ಕುರ್ಚಿಗಳ ಮೇಲೆ ಅವನ ಪಂಚೆ, ಅಂಗಿ, ಅವಳ ಸೀರೆ, ಬಳೆ, ಮಲ್ಲಿಗೆ. ಓಲಗವಿತ್ತು, ಊಟವಿತ್ತು, ಮದುಮಕ್ಕಳು ಮಾತ್ರ ಇರಲಿಲ್ಲ. ಮಗಳಿಗೆ ಇಷ್ಟವಾದದ್ದೆಂದು ಅಮ್ಮ ಆ ಹಳದಿ ಕ್ಯಾಸೆಟ್ಟನ್ನು ಸೀರೆಯ ಮಡಿಲಿಗೆ ಇಟ್ಟಾಗ ಹರೀಶನ ತಾಯಿ ಬಗ್ಗಿ ನೋಡಿದರು.

"ಇದು ನಮ್ಮವನ ಹತ್ತಿರವೂ ಇತ್ತಲ್ವಾ. ಲಾಟೀನಿನ ಹುಡುಗಿ."

"ಅವನು ಸೇತುವೆ ದಾಟಿದ್ದನಾ ಅತ್ತೆ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. "ದಾಟಿದ್ದಾನೆ ಮಗಾ. ಅಡುಗೆ ಕೋಣೆಯಿಂದ ನನ್ನನ್ನು ಕರೆದು ತೋರಿಸಿದ್ದಾನೆ. ಆಚೆ ಒಂದು ಮನೆ ಉಂಟು. ಹುಡುಗಿ ಲಾಟೀನನ್ನು ಜಗಲಿಯಲ್ಲಿಟ್ಟು ನಿಲ್ತಾಳೆ. ಒಳಗಿನಿಂದ ಬಾಗಿಲು ತೆಗೀತಾರೆ."

"ಯಾರು ತೆಗೆಯುವುದು?" ಎಂದಳು ಅಮ್ಮ.

"ಮುಖ ಕಾಣುವುದಿಲ್ಲ. ಕೈ ಮಾತ್ರ ಕಾಣ್ತದೆ."

ಅಮ್ಮ ಅವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಹೋದ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅಟ್ಟದಲ್ಲಿ ಬಳೆಯ ಸದ್ದು ಕೇಳಲಿಲ್ಲ.

ಇನ್ನಂಜೆಯ ಮನೆ ಪಾಲಾಗಿ, ಕೆಡವಿ, ಈಗ ಅಲ್ಲಿ ಅಟ್ಟವೂ ಇಲ್ಲ, ಚಾವಡಿಯೂ ಇಲ್ಲ. ನನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದ ಮೇಲೆ ನಾನೂ ಅಮ್ಮನೂ ಪರ್ಕಳದಲ್ಲಿ ಬಾಡಿಗೆಗಿದ್ದೆವು. ಹರೀಶನ ತಾಯಿ ಆಗಲೇ ತೀರಿಕೊಂಡಿದ್ದರು. ಒಂದು ಭಾನುವಾರ ಆ ಆಟ ಕಂಪ್ಯೂಟರಿನಲ್ಲಿ ಸಿಕ್ಕಿತು. ಬಾವಿಕಟ್ಟೆ, ಕತ್ತಲೆ, ಲಾಟೀನು, ಯಾವುದೂ ಬದಲಾಗಿರಲಿಲ್ಲ. ಬಿದ್ದು ಎದ್ದು ಕೊನೆಗೂ ಸೇತುವೆ ದಾಟಿದೆ. ಆಚೆ ಮನೆ ಇರಲಿಲ್ಲ. ಕಪ್ಪು ಪರದೆ, ಇಂಗ್ಲಿಷಿನಲ್ಲಿ ಒಂದು ಸಾಲು ಅಭಿನಂದನೆ, ಅಷ್ಟೆ. ಮರುಗಳಿಗೆಯಲ್ಲಿ ಹುಡುಗಿ ಮತ್ತೆ ಬಾವಿಕಟ್ಟೆಯ ಬಳಿ ಒಬ್ಬಳೇ ಲಾಟೀನು ಹಿಡಿದು ನಿಂತಿದ್ದಳು. ಆ ತಾಯಿ ನಮ್ಮ ಮುಖ ನೋಡಿ ಅಲ್ಲೇ ಮನೆ ಕಟ್ಟಿದರೋ, ಆ ಹುಡುಗ ನಿಜವಾಗಿ ಏನನ್ನಾದರೂ ತೋರಿಸಿದ್ದನೋ, ನನಗೆ ಇಂದಿಗೂ ತಿಳಿಯದು.

ಹಿಂದೆ ಅಮ್ಮ ಬಂದು ನಿಂತಿದ್ದಳು. ಅವಳಿಗೆ ಆಗಲೇ ಕಣ್ಣು ಮಂಜಾಗಿತ್ತು.

"ಅದೇ ಆಟವಾ? ಬಾಗಿಲು ತೆಗೆದರಾ?" ಎಂದಳು.

"ತೆಗೆದರಮ್ಮ" ಎಂದೆ.